ಸಕ್ಕರೆ ತಿನ್ನುವುದು ಪಾಪವೇ?



ಕಳೆದ ತಪಸ್ಸುಕಾಲದಲ್ಲಿ ಚಿತ್ರದುರ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಒಂದು ದಿನದ ಧ್ಯಾನಕೂಟ ನಡೆಯಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದಲೂ ಮಕ್ಕಳು ಮುಂಜಾನೆಯ ಬಸ್ಸು ಹಿಡಿದು ಬಂದಿದ್ದರು. ಉಪವಾಸದ ಅರ್ಥವನ್ನು ಕುರಿತು ನಾನು ಮುಕ್ಕಾಲು ಗಂಟೆ ಮಾತನಾಡಿದೆ. ಪ್ರಶ್ನೆಗಳಿದ್ದರೆ ಕೇಳಿರೆಂದಾಗ ಎಂದಿನಂತೆ ಮೌನ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಫಾದರ್, ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಗಾಯ ಮಾಯದೆ ಹೋದ ವರ್ಷ ಕಾಲಿನ ಎರಡು ಬೆರಳು ತೆಗೆದರು. ಅದೆಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ. ಆದರೂ ದಿನಾ ಕಾಲೇಜಿನ ಎದುರಿನ ಅಂಗಡಿಯಲ್ಲಿ ಕೂಲ್‌ಡ್ರಿಂಕ್ಸ್ ಕುಡಿಯುತ್ತೇನೆ. ಗೊತ್ತಿದ್ದೂ ಗೊತ್ತಿದ್ದೂ ಮಾಡುವುದು ಪಾಪವೇ?"

ಉಳಿದವರು ನಕ್ಕರು. ಅವಳು ನಗಲಿಲ್ಲ. "ಸಕ್ಕರೆಯಲ್ಲಿ ಪಾಪವಿಲ್ಲ ಮಗಳೇ, ಅತಿಯಲ್ಲಿದೆ" ಎಂದು ಹೇಳಿ ನಾನು ಮುಂದಿನ ಕಾರ್ಯಕ್ರಮಕ್ಕೆ ಹೋದೆ. ಮಾತು ತಪ್ಪಲ್ಲ, ಆದರೆ ಅದು ಅವಳ ಪ್ರಶ್ನೆಗೆ ಉತ್ತರವೂ ಅಲ್ಲ. ತಡವಾಗಿಯಾದರೂ ಉತ್ತರಿಸಲು ಇಲ್ಲಿ ಯತ್ನಿಸುತ್ತೇನೆ.

ಊಟದ ವೇಳೆಯಲ್ಲಿ ಮಕ್ಕಳ ನಡುವೆ ಕುಳಿತು ಈ ವಿಷಯವನ್ನೇ ಎತ್ತಿದೆ. ವ್ಯಾಯಾಮಶಾಲೆಗೆ ಹೋಗುವ ತರುಣನೊಬ್ಬ ಸಕ್ಕರೆ ಎಂದರೆ ಬಿಳಿ ವಿಷ, ತಾನು ಬೆಲ್ಲವನ್ನಷ್ಟೇ ಮುಟ್ಟುವೆನೆಂದ. ಬೆಲ್ಲದಲ್ಲಿಯೂ ಬಹುಪಾಲು ಅದೇ ಸಕ್ಕರೆ ಎಂದಾಗ ಅವನಿಗೆ ನಂಬಿಕೆ ಬರಲಿಲ್ಲ. ಈ ವಯಸ್ಸಿನಲ್ಲಿ ತಿಂದದ್ದೆಲ್ಲ ಕರಗಿಹೋಗುತ್ತದೆ ಎಂದಳು ಇನ್ನೊಬ್ಬಳು. ಹಿರಿಯೂರಿನ ಹುಡುಗನ ಮಾತು ಮಾತ್ರ ನನ್ನನ್ನು ಕುಟುಕಿತು: "ನಮ್ಮ ವಂಶದಲ್ಲೇ ಇದೆ ಫಾದರ್, ಹೇಗೂ ಬಂದೇ ಬರುತ್ತದೆ. ಬರುವ ತನಕ ತಿನ್ನೋಣ."

ಇದು ಹಣೆಬರಹದ ಮಾತು, ಆದುದರಿಂದ ಇದಕ್ಕೆ ಮೊದಲು ಉತ್ತರ ಹೇಳಬೇಕು. ವಂಶದಿಂದ ಬರುವುದು ಒಲವು, ತೀರ್ಪಲ್ಲ. ಮಧುಮೇಹದ ಹೊಸ್ತಿಲಲ್ಲಿದ್ದ ನಮ್ಮ ದೇಶದವರನ್ನೇ ಚೆನ್ನೈಯ ವೈದ್ಯರು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಊಟ ಮತ್ತು ನಡಿಗೆಯ ಕ್ರಮವನ್ನು ತಿದ್ದಿಕೊಂಡವರಲ್ಲಿ ಕಾಯಿಲೆಗೆ ತಿರುಗುವ ಸಂಭವ ನೂರಕ್ಕೆ 28ರಷ್ಟು ಕಡಿಮೆಯಾಗಿತ್ತು. ಎಲ್ಲರೂ ಪಾರಾದರೆಂದಲ್ಲ. ಆದರೆ ಮನುಷ್ಯನ ಕೈಯಲ್ಲಿ ಏನೂ ಇಲ್ಲವೆಂಬುದು ಸುಳ್ಳೆಂದು ತೋರಿಸಲು ಅಷ್ಟು ಸಾಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆ. ಹೊಸ್ತಿಲಲ್ಲಿ ನಿಂತಿರುವವರು ಅವರಿಗಿಂತಲೂ ಹೆಚ್ಚು. ಸಕ್ಕರೆಯೊಂದೇ ಇದಕ್ಕೆ ಕಾರಣವೆನ್ನುವುದು ಸರಿಯಲ್ಲ. ಕೂತಲ್ಲೇ ಕೂರುವುದು, ಬೊಜ್ಜು, ಅನ್ನದ ರಾಶಿ ಎಲ್ಲವೂ ಸೇರುತ್ತವೆ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದಿನಕ್ಕೆ 25 ಗ್ರಾಂ, ಅಂದರೆ ಐದಾರು ಚಮಚದೊಳಗೆ ನಿಂತರೆ ಒಳ್ಳೆಯದೆಂದಿತು. ಕಾಲು ಲೀಟರಿನ ಸಣ್ಣ ಬಾಟಲಿಯೊಂದನ್ನು ಮುಗಿಸಿದರೆ ಆ ದಿನದ ಪಾಲು ಬಹುತೇಕ ಮುಗಿದಂತೆ. ಬೆಳಗಿನ ಚಹಾ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಕೈ ಬಾಟಲಿಗೇ ಹೋಗುವುದೇಕೆ? ಗುರುಮಠದಲ್ಲಿ ಅರಿಸ್ಟಾಟಲನ ನೀತಿಶಾಸ್ತ್ರವನ್ನು ಓದುವಾಗ ನಮಗೆ ಇದೇ ಕಗ್ಗಂಟು ಎದುರಾಗಿತ್ತು. ಒಳ್ಳೆಯದು ಯಾವುದೆಂದು ಬಲ್ಲವನು ಕೆಟ್ಟದ್ದನ್ನು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಅವನು ಆರಿಸಿಕೊಂಡ ಉದಾಹರಣೆ ಸಿಹಿ ತಿನಿಸಿನದೇ ಎಂಬುದು ಅಂದು ನನಗೆ ತಮಾಷೆಯಾಗಿ ತೋರಿತ್ತು. ತಿನ್ನಬಾರದೆಂಬ ತಿಳಿವು ಮನಸ್ಸಿನಲ್ಲಿದೆ. ಸಿಹಿಯೆಲ್ಲವೂ ಹಿತವೆಂಬ ಇನ್ನೊಂದು ತಿಳಿವೂ ಅಲ್ಲಿಯೇ ಇದೆ. ಎದುರಿಗೆ ಇರುವುದು ಸಿಹಿ. ಆಸೆಯು ಎರಡನೆಯದರ ಕೈಹಿಡಿದು ನಡೆಯುತ್ತದೆ. ಮೊದಲಿನ ತಿಳಿವು ಸಾಯುವುದಿಲ್ಲ, ನಿದ್ರಿಸುತ್ತದೆ. ಕುಡಿದವನೂ ಪದ್ಯಗಳನ್ನು ಒಪ್ಪಿಸಬಲ್ಲನಲ್ಲವೇ ಎಂದು ಅವನು ಕೇಳುತ್ತಾನೆ. ತಂದೆಯ ಕಾಲನ್ನು ಕಂಡ ಆ ಮಗಳ ತಿಳಿವೂ ಅಂಗಡಿಯ ಮುಂದೆ ಹಾಗೆ ನಿದ್ರಿಸುತ್ತಿರಬೇಕು.

ಸಂತ ಥಾಮಸ್ ಅಕ್ವಿನಾಸರು ಇನ್ನೂ ಹತ್ತಿರ ಬರುತ್ತಾರೆ. ಅವರ ಕಾಲದಲ್ಲಿ ಜೀರ್ಣಕ್ಕೆಂದು ಮೆಲ್ಲುವ ಲೇಹ್ಯಗಳಿದ್ದವು. ಅವು ಉಪವಾಸವನ್ನು ಮುರಿಯುತ್ತವೆಯೇ ಎಂದು ಜನ ಕೇಳಿದರು. ಮುರಿಯುವುದಿಲ್ಲ, ಅವು ಔಷಧಿಯಂತೆ ಎಂದರು ಸಂತರು. ಆದರೆ ಊಟಕ್ಕೆ ಬದಲಾಗಿ, ಕಪಟದಿಂದ ರಾಶಿ ರಾಶಿ ತಿಂದರೆ ಆ ಮಾತು ಬೇರೆ ಎಂದೂ ಸೇರಿಸಿದರು. "ಜ್ಯೂಸ್ ತಾನೇ ಕುಡಿದದ್ದು, ತಿಂದದ್ದೇನೂ ಇಲ್ಲ" ಎನ್ನುವ ನಮ್ಮ ಮಕ್ಕಳನ್ನು ಅವರು ಏಳುನೂರೈವತ್ತು ವರ್ಷಗಳ ಹಿಂದೆಯೇ ಕಂಡಿದ್ದರೇನೋ!

ಹಾಗಾದರೆ ಪಾಪವೇ? ಮಾರಕ ಪಾಪಕ್ಕೆ ವಿಷಯದ ಗುರುತ್ವ, ಪೂರ್ಣ ತಿಳಿವು, ಪೂರ್ಣ ಸಮ್ಮತಿ ಬೇಕೆಂದು ನೀವು ಧರ್ಮೋಪದೇಶದಲ್ಲಿ ಕಲಿತಿದ್ದೀರಿ. ಒಂದು ಬಾಟಲಿಗೆ ಆ ಗುರುತ್ವವಿಲ್ಲ. ರೂಢಿಯಲ್ಲಿ ಸಿಕ್ಕಿಕೊಂಡವರ ಸಮ್ಮತಿಯೂ ಪೂರ್ಣವಲ್ಲ. ಆದರೆ ಮುನ್ನೂರು ಬಾಟಲಿಗಳಲ್ಲಿ ಯಾವ ಒಂದೂ ದೊಡ್ಡದಲ್ಲ ಎನ್ನುತ್ತಲೇ ವರ್ಷ ಕಳೆಯುತ್ತದೆ. ನಾವು ಪರೀಕ್ಷಿಸಬೇಕಾದುದು ಅಂಗಡಿಯ ಮುಂದಿನ ಕ್ಷಣವನ್ನಲ್ಲ. ಅಲ್ಲಿ ಮನುಷ್ಯ ಅರ್ಧ ಸೋತೇ ನಿಂತಿರುತ್ತಾನೆ. ಅದಕ್ಕೂ ಮುನ್ನ, ಮನಸ್ಸು ಇನ್ನೂ ಸ್ವತಂತ್ರವಾಗಿದ್ದ ಹೊತ್ತು ಯಾವುದು?

ಹೊಳಲ್ಕೆರೆ ಕಡೆಯ ಹುಡುಗನೊಬ್ಬ ತನ್ನ ದಿನಚರಿಯನ್ನು ಹೇಳಿದಾಗ ನನಗೆ ಆ ಹೊತ್ತು ಹೊಳೆಯಿತು. ಐದಕ್ಕೆ ಏಳುತ್ತಾನೆ. ಚಹಾ ಕುಡಿದು ಬಸ್ಸಿಗೆ ಓಡುತ್ತಾನೆ. ತಾಯಿ ಅಡಿಕೆ ಸುಲಿಯುವ ಕೆಲಸಕ್ಕೆ ಅವನಿಗಿಂತ ಮುಂಚೆಯೇ ಹೊರಟಿರುತ್ತಾಳೆ. ಹನ್ನೊಂದಕ್ಕೆ ತಲೆ ಸುತ್ತುತ್ತದೆ. ಬೇಕರಿಯ ಬನ್ನು, ಬಣ್ಣದ ಪಾನೀಯ. ಮುದ್ದೆ ಕಾಣುವುದು ರಾತ್ರಿಗೇ. ಸಮುವೇಲನ ಮೊದಲನೆಯ ಗ್ರಂಥದಲ್ಲಿ ಸೌಲನು ಸೈನಿಕರಿಗೆ ಸಂಜೆಯವರೆಗೆ ಅನ್ನ ಮುಟ್ಟಬಾರದೆಂದು ಆಣೆಯಿಟ್ಟ ಪ್ರಸಂಗವಿದೆ. ಅದನ್ನರಿಯದ ಮಗ ಯೋನಾತಾನನು ಕಾಡಿನಲ್ಲಿ ಜೇನನ್ನು ಕೋಲಿನ ತುದಿಯಿಂದ ಮುಟ್ಟಿ ಬಾಯಿಗಿಟ್ಟುಕೊಂಡ, ಅವನ ಕಣ್ಣಿಗೆ ಕಳೆ ಬಂತು. ತಪ್ಪು ಜೇನಿನದಲ್ಲ, ದಣಿದವರನ್ನು ಹಸಿದಿಟ್ಟ ಅಪ್ಪಣೆಯದು. ಈ ಹುಡುಗನಿಗೆ ಸಕ್ಕರೆಯ ಕೆಡುಕನ್ನು ಬೋಧಿಸುವ ಮುನ್ನ ಹಿಂದಿನ ರಾತ್ರಿಯೇ ಎರಡು ರೊಟ್ಟಿ, ಹಿಡಿ ಶೇಂಗಾ ಕಟ್ಟಿಡಲು ಕಲಿಸಬೇಕು. ಅದು ತಾಯಿಯ ಕೆಲಸವೇ ಆಗಬೇಕಿಲ್ಲ. ಇಪ್ಪತ್ತರ ಹುಡುಗನಿಗೆ ಕೈಗಳಿವೆ.

ಇನ್ನು ನನ್ನ ಸರದಿ. ನಾಲ್ಕು ವರ್ಷಗಳ ಹಿಂದೆ ವೈದ್ಯರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ, ನೀವೂ ಹೊಸ್ತಿಲಲ್ಲಿದ್ದೀರಿ ಎಂದರು. ಇದನ್ನು ಯಾವ ಮನೆಯಲ್ಲೂ ನಾನು ಹೇಳಿರಲಿಲ್ಲ. ಮನೆಭೇಟಿಗೆ ಹೋದಾಗ ಬಡವರ ಮನೆಯಲ್ಲಿ ಫಾದರ್‌ಗೆಂದು ಸಕ್ಕರೆ ಒಂದು ಚಮಚ ಹೆಚ್ಚೇ ಬೀಳುತ್ತದೆ. ಬೇಡವೆಂದರೆ ಅವರ ಪ್ರೀತಿಯನ್ನೇ ಬೇಡವೆಂದಂತೆ ಎಂದು ನನಗೆ ನಾನೇ ಹೇಳಿಕೊಂಡು ಒಂದು ಸಂಜೆಗೆ ಆರು ಲೋಟ ಕುಡಿದದ್ದುಂಟು. ಅದರಲ್ಲಿ ಔದಾರ್ಯ ಎಷ್ಟು, ನಾಲಿಗೆಯ ಚಪಲ ಎಷ್ಟು? ಅಗತ್ಯಕ್ಕೆ ಉಣ್ಣುತ್ತಿದ್ದೇನೋ ಆಸೆಗೆ ಉಣ್ಣುತ್ತಿದ್ದೇನೋ ತಿಳಿಯದು, ಆ ಮಸುಕನ್ನೇ ಮನಸ್ಸು ನೆಪಮಾಡಿಕೊಂಡು ಸಂತೋಷಪಡುತ್ತದೆ ಎಂದು ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯಲ್ಲಿ ಒಪ್ಪಿಕೊಂಡಿದ್ದಾರೆ.

ಪಾಸ್ಕ ಹಬ್ಬದ ನಂತರ ಆ ಹುಡುಗಿಯ ಮನೆಗೆ ಹೋದೆ. ತಂದೆ ಕಾಲು ಚಾಚಿ ಮಂಚದ ಮೇಲೆ ಕುಳಿತಿದ್ದರು. ತಾಯಿ ಒಲೆಯ ಬಳಿಯಿಂದಲೇ, "ಫಾದರ್‌ಗೆ ಸಕ್ಕರೆ ಮುಂದಾಗಿ ಹಾಕಿದ್ದೀನಿ" ಎಂದರು.

"ನನಗೂ ಬೇಡಮ್ಮ, ನನಗೂ ಇದೆ" ಎಂದೆ. ಆಕೆಯ ಮುಖ ಚಿಕ್ಕದಾಯಿತು. ಲೋಟವನ್ನು ಹಿಂದಕ್ಕೆ ಒಯ್ದರು. ತಂದೆ ನಕ್ಕು, "ಬನ್ನಿ ಫಾದರ್, ಈ ಕಡೆ ಕೂತ್ಕೊಳ್ಳಿ" ಎಂದು ಮಂಚದ ಮೇಲೆ ಜಾಗ ಮಾಡಿಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಹುರಿದ ಶೇಂಗಾ ಬಂತು. ತಟ್ಟೆ ಇಡುತ್ತಾ ಮಗಳು ಮೆಲ್ಲಗೆ ಹೇಳಿದಳು:

"ಈಗ ಎರಡು ದಿನಕ್ಕೊಮ್ಮೆ ಆಗಿದೆ ಫಾದರ್. ನಿನ್ನೆ ಮಾತ್ರ ಕುಡಿದುಬಿಟ್ಟೆ."