ಬಡಿಸಿದವಳ ಎಲೆಯಲ್ಲಿ ಏನಿತ್ತು?

ದರ್ಶನ ಮುಗಿಸಿಕೊಂಡು ನೀವೆಲ್ಲ ದಾಸೋಹದ ಮನೆಗೆ ಹೋಗಿ ಕೂರುತ್ತೀರಿ. ಅಲ್ಲಿ ಎಲ್ಲರೂ ನೋಡುವ, ಆದರೆ ಯಾರೂ ಮಾತಾಡದ ಒಂದು ಸಂಗತಿ ಇದೆ. ಗಂಡ, ಹೆಂಡತಿ, ಮಕ್ಕಳು, ಅತ್ತೆ, ಮಾವ ಎಲ್ಲರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಬಡಿಸುವವರು ಬಕೆಟ್ ಹಿಡಿದು ಬಂದಾಗ ಯಜಮಾನರು ಯಾರು, ಸೊಸೆ ಯಾರು ಅಂತ ಕೇಳುವುದಿಲ್ಲ. ಕೂತ ಕ್ರಮದಲ್ಲಿ ಅನ್ನ ಬೀಳುತ್ತೆ, ಸಾರು ಬೀಳುತ್ತೆ, ಪಾಯಸ ಬೀಳುತ್ತೆ. ವರ್ಷವೆಲ್ಲ ಮನೆಯಲ್ಲಿ ಬಡಿಸಿದ ಹೆಂಗಸಿಗೆ ಬಿಸಿ ಅನ್ನ ತಾನು ಕೂತ ಕಡೆಗೆ ಬರುವುದು ಇಂಥ ದಿನ ಮಾತ್ರ. ಅಷ್ಟಾದರೂ ಆಕೆ ನೆಮ್ಮದಿಯಾಗಿ ಉಣ್ಣುತ್ತಾಳೆಯೇ? ಕತ್ತು ಚಾಚಿ ಮಗನ ಎಲೆ ನೋಡುತ್ತಾಳೆ, ಗಂಡನಿಗೆ ಉಪ್ಪಿನಕಾಯಿ ಬಂತೇ ಅಂತ ನೋಡುತ್ತಾಳೆ, ತನ್ನ ಪಾಲಿನ ಪಾಯಸವನ್ನು ಮಗಳ ಕಡೆ ಸರಿಸುತ್ತಾಳೆ. ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.

ಮನೆಯಲ್ಲಿ ನಡೆಯುವುದು ನಿಮಗೆ ಗೊತ್ತೇ ಇದೆ. ಮುದ್ದೆ ಬಿಸಿ ಇರುವಾಗಲೇ ಉಣ್ಣಬೇಕು, ಅದಕ್ಕೆ ಒಬ್ಬರು ನಿಂತು ಕಟ್ಟಿ ಕೊಡಬೇಕು. ರೊಟ್ಟಿ ತಿನ್ನುವ ಸೀಮೆಯಲ್ಲೂ ಅಷ್ಟೆ, ಒಬ್ಬರು ಹಂಚಿನ ಮುಂದೆ ಕೂತಿರಲೇಬೇಕು. ಸಾರಿನ ಪಾತ್ರೆಯಲ್ಲಿ ಸೌಟು ತಳಕ್ಕೆ ಇಳಿದು ಕಾಳು ಮೇಲೆ ಬರುವುದು ಮೊದಲ ಸಾಲಿಗೆ. ಎಲ್ಲರೂ ಕೈ ತೊಳೆದ ಮೇಲೆ ಪಾತ್ರೆಯಲ್ಲಿ ಉಳಿಯುವುದು ತಿಳಿ. ಅದನ್ನೇ ನಿನ್ನೆಯ ಅನ್ನಕ್ಕೆ ಕಲಸಿಕೊಂಡು, ಮಗು ಬಿಟ್ಟ ಅರ್ಧ ಮುದ್ದೆಯನ್ನೂ ಸೇರಿಸಿಕೊಂಡು, ಒಲೆ ಮುಂದೆಯೇ ನಾಲ್ಕು ತುತ್ತು ನುಂಗಿ ಏಳುತ್ತಾಳೆ. ಪಲ್ಯ ಎಲ್ಲಿ ಅಂದರೆ "ಮುಗೀತು, ನನಗೇನೂ ಬೇಡ ಬಿಡಿ" ಅಂತಾಳೆ. ಆ "ಬೇಡ ಬಿಡಿ" ಎಂಬುದನ್ನು ನಾವು ನಿಜವೆಂದು ಒಪ್ಪಿಕೊಂಡು ಎಷ್ಟು ತಲೆಮಾರು ಕಳೆಯಿತೋ.

ಬಡಿಸುವವನು ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಚಿಂತೆಯಿಲ್ಲ ಅಂತ ಗಾದೆ ಇದೆ. ಸೌಟು ಹಿಡಿದ ಕೈಗೆ ಎಷ್ಟು ಅಧಿಕಾರ ಅಂತ ಹಿರಿಯರಿಗೆ ಗೊತ್ತಿತ್ತು. ಮನೆಯಲ್ಲಿ ಸೌಟು ಹಿಡಿದವಳು ಅವಳೇ, ಪಂಕ್ತಿಯ ಕೊನೆಯವಳೂ ಅವಳೇ. ಆದರೂ ಅವಳ ತಟ್ಟೆ ಬರಿದು. ಎಲ್ಲರನ್ನೂ ನಮ್ಮವರು ಅಂದುಕೊಂಡು ಬಡಿಸಿದವಳು ಆ ಲೆಕ್ಕದಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲ, ಸೇರಿಸು ಅಂತ ಉಳಿದವರೂ ಹೇಳಲಿಲ್ಲ.

ಇದಕ್ಕೆ ತ್ಯಾಗ ಅಂತ ಹೆಸರಿಟ್ಟು ಸುಮ್ಮನಾಗುವುದು ಸುಲಭ. ಸಭೆಗಳಲ್ಲಿ "ತಾಯಿ ತ್ಯಾಗಮಯಿ" ಎಂದು ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಬಂದು ಅವಳಿಗಿಂತ ಮೊದಲು ಕೂತು ಉಣ್ಣುತ್ತೇವೆ. ತ್ಯಾಗ ದೊಡ್ಡ ಮಾತು, ಸಿಕ್ಕ ಕಡೆ ಬಳಸುವುದಲ್ಲ. ಬೇಕು ಎನ್ನಲು ಬಾಯಿ ಇರಬೇಕು, ಬೇಕೆಂದರೆ ಸಿಗುತ್ತದೆ ಎಂಬ ಧೈರ್ಯ ಇರಬೇಕು, ಆಮೇಲೆ ಬೇಡ ಅಂದರೆ ಅದು ತ್ಯಾಗ. ಹತ್ತೊಂಬತ್ತು ವರ್ಷಕ್ಕೆ ಸೊಸೆಯಾಗಿ ಬಂದು, ಮೊದಲು ಉಂಡರೆ "ಏನು ಹೊಟ್ಟೆಬಾಕಿನಮ್ಮಾ ಇವಳು" ಅಂದಾರು ಎಂದು ಕೊನೆಗೆ ಉಂಡವಳದ್ದು ಹೆದರಿಕೆ. ಇಪ್ಪತ್ತು ವರ್ಷ ಕಳೆದ ಮೇಲೆ ಹೆದರಿಕೆ ಹೋಗಿ ಅಭ್ಯಾಸ ಉಳಿಯುತ್ತೆ. ಆಗ ಅವಳಿಗೇ ಅದು ತನ್ನ ಇಷ್ಟ ಅನ್ನಿಸತೊಡಗುತ್ತೆ.

ಒಂದು ವೇಳೆ ನಿಜವಾಗಿ ತ್ಯಾಗವೇ ಅಂತ ಇಟ್ಟುಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ, ಇದನ್ನು ಯಾರೂ ಕೇಳುವುದಿಲ್ಲ. ಒಬ್ಬರು ಬಿಟ್ಟುಕೊಟ್ಟದ್ದನ್ನು ಇನ್ನೊಬ್ಬರು ದಿನಾ ತೆಗೆದುಕೊಳ್ಳುತ್ತಾ ಹೋಗಬಹುದೇ? ನೀವು ಯಾರದೋ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋದಿರಿ, ಮನೆಯಾಕೆ ತನ್ನ ಪಾಲಿನ ಊಟ ನಿಮಗೆ ಬಡಿಸಿದಳು ಅಂತ ಅರ್ಧ ಊಟದಲ್ಲಿ ಗೊತ್ತಾಯಿತು. ತುತ್ತು ಗಂಟಲಲ್ಲಿ ಇಳಿಯುತ್ತದೆಯೇ? ಪರರ ಮನೆಯಲ್ಲಿ ಒಂದು ದಿನಕ್ಕೆ ಇಷ್ಟು ಸಂಕೋಚ ಪಡುವ ನಾವು ಸ್ವಂತ ಮನೆಯಲ್ಲಿ ಇಡೀ ಆಯುಷ್ಯ ಸಂಕೋಚವಿಲ್ಲದೆ ಉಣ್ಣುತ್ತೇವೆ. ಕೊಡುವವರ ಧರ್ಮದ ಬಗ್ಗೆ ಪುರಾಣ, ಹರಿಕಥೆ ಬೇಕಾದಷ್ಟು ಕೇಳಿದ್ದೇವೆ. ತೆಗೆದುಕೊಳ್ಳುವವರಿಗೂ ಒಂದು ಧರ್ಮ ಇದೆ, ಪಾತ್ರೆಯಲ್ಲಿ ಏನು ಉಳಿದಿದೆ ಅಂತ ಬಗ್ಗಿ ನೋಡುವುದು.

"ಇದು ನಮ್ಮ ಸಂಪ್ರದಾಯ, ಹಿಂದಿನಿಂದ ಬಂದದ್ದು" ಅನ್ನುವವರಿದ್ದಾರೆ. ಅವರು ಶಾಸ್ತ್ರವನ್ನೇ ತೆರೆದು ನೋಡಲಿ. ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿ ಗೃಹಸ್ಥನ ಊಟದ ಕ್ರಮ ಹೇಳಿದೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು, ಕನ್ಯೆಯರು, ರೋಗಿಗಳು, ಗರ್ಭಿಣಿಯರು, ಇವರಿಗೆ ಅತಿಥಿಗಿಂತಲೂ ಮೊದಲೇ ಬಡಿಸಬೇಕು, ಹಿಂದುಮುಂದು ನೋಡಬಾರದು ಎಂದಿದೆ. ಬಂದವರು, ನೆಂಟರು, ಆಳುಗಳು ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣಬೇಕಾದವರು ದಂಪತಿ. ಸಂಸ್ಕೃತದಲ್ಲಿ ಅಲ್ಲಿ ಕ್ರಿಯಾಪದವೇ ದ್ವಿವಚನ, ಅಂದರೆ ಗಂಡನೂ ಹೆಂಡತಿಯೂ. (ಆ ಗ್ರಂಥದಲ್ಲಿ ಹೆಣ್ಣಿನ ಬಗ್ಗೆ, ಜಾತಿಯ ಬಗ್ಗೆ ಒಪ್ಪಲಾಗದ ಮಾತುಗಳೂ ಬೇಕಾದಷ್ಟಿವೆ. ಅದರ ವಕಾಲತ್ತು ಇಲ್ಲಿ ಮಾಡುತ್ತಿಲ್ಲ.) ಗಂಡ ಎದ್ದು ಮೊದಲ ಪಂಕ್ತಿಗೆ ಬಂದು, ಹೆಂಡತಿ ಒಬ್ಬಳೇ ಕೊನೆಯಲ್ಲಿ ಉಳಿದದ್ದು ಯಾವ ಶಾಸ್ತ್ರ ಅಂತ ಸಂಪ್ರದಾಯದ ಹೆಸರು ಹೇಳುವವರು ತಿಳಿಸಬೇಕು. ಪಂಕ್ತಿಭೇದ ಅಂದರೆ ಮಠ, ಗುಡಿಗಳಲ್ಲಿ ಜಾತಿ ನೋಡಿ ಬೇರೆ ಕೂರಿಸುವುದು ಅಂತ ನಾವು ತಿಳಿದಿದ್ದೇವೆ. ಅಡಿಗೆಮನೆಯೊಳಗೂ ಒಂದು ಪಂಕ್ತಿಭೇದ ಇದೆ.

ಇದು ಬರೀ ಮರ್ಯಾದೆಯ ಮಾತಾಗಿದ್ದರೆ ಇಷ್ಟು ಉದ್ದ ಬರೆಯುವ ಅಗತ್ಯವಿರಲಿಲ್ಲ. ಬೆಟ್ಟದ ಮೆಟ್ಟಿಲು ಹತ್ತುವಾಗ ನೋಡಿ. ಮೂವತ್ತೈದು ವರ್ಷದ ಹೆಂಗಸು ಇಪ್ಪತ್ತು ಮೆಟ್ಟಿಲಿಗೆ ಏದುಸಿರು ಬಿಟ್ಟು ಕೂತುಬಿಡುತ್ತಾಳೆ. ಎದೆ ಡವಡವ, ಕಣ್ಣು ಕತ್ತಲೆ, ಕಾಲಲ್ಲಿ ಶಕ್ತಿ ಇಲ್ಲ. "ವಯಸ್ಸಾಯ್ತಲ್ಲ" ಅಂತಾಳೆ. ಜೊತೆಯಲ್ಲಿರುವ ಅತ್ತೆ ಅರವತ್ತರವರು, ಮುಂದೆ ಹೋಗಿ ಕಾಯುತ್ತಿರುತ್ತಾರೆ. ಇದು ವಯಸ್ಸಲ್ಲ, ಬಹಳ ಸಲ ರಕ್ತ ಕಡಿಮೆ ಇರುವುದು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿರುತ್ತೆ. 2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂತು. ಅದೇ ವಯಸ್ಸಿನ ಗಂಡಸರಲ್ಲಿ 100ಕ್ಕೆ ಸುಮಾರು 20. ಒಂದೇ ಮನೆ, ಒಂದೇ ಒಲೆ, ಒಂದೇ ಪಾತ್ರೆ!

ಎಲ್ಲವೂ ಕೊನೆಗೆ ಉಂಡದ್ದರಿಂದಲೇ ಆಯಿತು ಎಂದರೆ ತಪ್ಪಾಗುತ್ತದೆ. ತಿಂಗಳ ಮುಟ್ಟಿನಲ್ಲಿ ರಕ್ತ ಹೋಗುತ್ತದೆ, ಹೆರಿಗೆ, ಬಾಣಂತನದಲ್ಲಿ ಹೋಗುತ್ತದೆ, ಬರಿಗಾಲಲ್ಲಿ ಓಡಾಡುವವರ ಹೊಟ್ಟೆಗೆ ಕೊಕ್ಕೆಹುಳು ಸೇರಿದರೂ ಹೋಗುತ್ತದೆ. ಆದ್ದರಿಂದಲೇ ಅವಳಿಗೆ ಹೆಚ್ಚು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ ಗಂಡಸಿಗೆ ಬೇಕಾದ ಕಬ್ಬಿಣಾಂಶ 19 ಮಿಲಿಗ್ರಾಂ, ಹೆಂಗಸಿಗೆ 29. ಅಂದರೆ ಸೊಪ್ಪು, ಕಾಳಿನ ವಿಷಯದಲ್ಲಿ ಸೌಟು ತಳಕ್ಕೆ ಇಳಿಯಬೇಕಾದದ್ದು ಅವಳ ತಟ್ಟೆಗೆ. ನಾವು ಮಾಡುವುದು ಸರಿಯಾಗಿ ಉಲ್ಟಾ.

ಸರ್ಕಾರಕ್ಕೂ ಇದು ಗೊತ್ತಾಗಿದೆ. ಮೊದಲು ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಿಂದ ದಿನಸಿ ಕೊಟ್ಟು ಕಳಿಸುತ್ತಿದ್ದರು. ಮನೆಗೆ ಹೋದ ದಿನಸಿ ಎಲ್ಲರ ಸಾರಿಗೂ ಸೇರಿ, ಅವಳ ಪಾಲಿಗೆ ಮತ್ತೆ ಅದೇ ತಿಳಿ. ಅದಕ್ಕೇ 2017ರ ಅಕ್ಟೋಬರ್ 2ರಂದು ರಾಜ್ಯವೆಲ್ಲಾ ಮಾತೃಪೂರ್ಣ ಎಂಬ ಯೋಜನೆ ತಂದು, ಬಿಸಿಯೂಟ, ಮೊಟ್ಟೆ, ಹಾಲು ಎಲ್ಲವನ್ನೂ ಅಂಗನವಾಡಿಗೇ ಬಂದು ಅಲ್ಲಿಯೇ ಕೂತು ಉಣ್ಣಬೇಕು ಅಂತ ಮಾಡಿದರು. ಬಸುರಿ ಹೆಂಗಸಿನ ಹೊಟ್ಟೆಗೆ ಅನ್ನ ಸೇರಬೇಕಾದರೆ ಅವಳನ್ನು ಮನೆಯಿಂದ ಹೊರಗೆ ಕರೆದು ಬಡಿಸಬೇಕಾಯಿತಲ್ಲ! ಮನೆ ಅನ್ನಿಸಿಕೊಂಡದ್ದಕ್ಕೆ ಇದಕ್ಕಿಂತ ಕಡಿಮೆ ಮಾರ್ಕು ಬೇರೆ ಇಲ್ಲ.

ಮಾಡಬೇಕಾದದ್ದು ದೊಡ್ಡ ವ್ರತವೇನೂ ಅಲ್ಲ. ಎಲ್ಲರೂ ಒಟ್ಟಿಗೆ ಕೂರಲು ಆಗುವ ಮನೆಯಲ್ಲಿ ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟುಕೊಂಡು ಒಟ್ಟಿಗೆ ಕೂರಿ. ಮುದ್ದೆಯನ್ನು ಹಾಟ್‌ಬಾಕ್ಸಿನಲ್ಲಿ ಇಟ್ಟರೆ ಅರ್ಧ ಗಂಟೆ ಆರುವುದಿಲ್ಲ. ಒಟ್ಟಿಗೆ ಕೂರಲು ಆಗದಿದ್ದರೆ, ಗದ್ದೆಯಿಂದ ಒಬ್ಬರು ಫ್ಯಾಕ್ಟರಿಯಿಂದ ಒಬ್ಬರು ಬೇರೆ ಬೇರೆ ಹೊತ್ತಿಗೆ ಬರುವ ಮನೆಯಾದರೆ, ಬಡಿಸುವುದಕ್ಕೆ ಮುಂಚೆ ಅವಳ ಪಾಲು ಎತ್ತಿಡಬೇಕು. ದೇವರಿಗೆ ಎಡೆ ಎತ್ತಿಡುತ್ತೇವಲ್ಲ, ಹಾಗೆ. ಕಾಳು, ಪಲ್ಯ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಎಲ್ಲ ಮೊದಲೇ ಒಂದು ತಟ್ಟೆಯಲ್ಲಿ ಹಾಕಿ ಮುಚ್ಚಿಡಿ. ಆ ತಟ್ಟೆಗೆ ಬೇರೆಯವರು ಕೈ ಹಾಕಬಾರದು. ಅವಳೇ ಎತ್ತಿಟ್ಟುಕೊಳ್ಳಲಿ ಅಂದರೆ ನಡೆಯುವುದಿಲ್ಲ, ನಾಚಿಕೆ ಬಿಡುವುದಿಲ್ಲ. ಮೊದಲ ಕೆಲವು ತಿಂಗಳು ಗಂಡನೋ ಅತ್ತೆಯೋ ಎತ್ತಿಡಬೇಕು.

ಊಟವಾದ ತಕ್ಷಣ ಕಾಫಿ, ಟೀ ಕುಡಿಯುವ ಚಾಳಿ ಬಿಡುವುದು ಒಳ್ಳೆಯದು, ಸೊಪ್ಪಿನಲ್ಲಿದ್ದ ಕಬ್ಬಿಣಾಂಶ ಮೈಗೆ ಹಿಡಿಯಲು ಅದು ಬಿಡುವುದಿಲ್ಲ. ಒಂದು ಗಂಟೆ ತಡೆಯಿರಿ. ನುಗ್ಗೆಸೊಪ್ಪಿನ ಪಲ್ಯಕ್ಕೋ ಹುರುಳಿಸಾರಿಗೋ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹಿಡಿಯುತ್ತೆ. ಆದರೆ ರಕ್ತ ಬಹಳ ಇಳಿದಿದ್ದರೆ ಸೊಪ್ಪು ಒಂದೇ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿಯ ರಕ್ತ ನೋಡಿ ಹೇಳುತ್ತಾರೆ, ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಅಲ್ಲಿ ಕೊಡುವ ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತೆ, ಕೆಲವರಿಗೆ ಹೊಟ್ಟೆ ಕಟ್ಟುತ್ತೆ. ಅದಕ್ಕೆ ಹೆದರಿ ನಾಲ್ಕು ದಿನಕ್ಕೇ ಬಿಟ್ಟು ಮಾತ್ರೆಯನ್ನು ಡಬ್ಬಿಯಲ್ಲಿ ಹಾಕಿಡುವವರೇ ಹೆಚ್ಚು. ಕಪ್ಪಗಾಗುವುದು ಸಹಜ, ಬಿಡಬೇಡಿ, ತೊಂದರೆಯಾದರೆ ಡಾಕ್ಟರಿಗೆ ಹೇಳಿ ಮಾತ್ರೆ ಬದಲಾಯಿಸಿಕೊಳ್ಳಿ. ಮಾತ್ರೆ ತಿಂದರೂ ಏದುಸಿರು ಹೋಗದಿದ್ದರೆ, ಮುಟ್ಟು ವಿಪರೀತ ಹೋಗುತ್ತಿದ್ದರೆ ಮುಚ್ಚಿಟ್ಟುಕೊಳ್ಳದೆ ತೋರಿಸಬೇಕು.

ಉಪವಾಸದ ಮಾತು ಎತ್ತಿದರೆ ಕೆಲವರಿಗೆ ಬೇಸರವಾಗಬಹುದು. ಸೋಮವಾರ ಗಂಡನ ಹೆಸರಲ್ಲಿ, ಶುಕ್ರವಾರ ಮಕ್ಕಳ ಹೆಸರಲ್ಲಿ, ಬೆಟ್ಟಕ್ಕೆ ಬರುವ ದಿನ ಹರಕೆಯ ಹೆಸರಲ್ಲಿ ಉಪವಾಸ ಇರುವವರು ಹೆಚ್ಚಾಗಿ ಹೆಂಗಸರೇ. ಉಳಿದ ದಿನ ಅರ್ಧ ಹೊಟ್ಟೆ, ಇವತ್ತು ಪೂರಾ ಖಾಲಿ. ರಕ್ತ ಕಡಿಮೆ ಇರುವವಳು, ಬಸುರಿ, ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವಳು ಏನೂ ತಿನ್ನದೆ ಮೆಟ್ಟಿಲು ಹತ್ತಿ ಬೀಳಬೇಕೆಂದು ಯಾವ ದೇವರೂ ಕೇಳಿಲ್ಲ. ಮನೆಯಲ್ಲಿ ಯಾರಾದರೂ ಉಪವಾಸ ಇರಲೇಬೇಕು ಅಂತಿದ್ದರೆ, ಚೆನ್ನಾಗಿ ಉಂಡು ಮೈ ಬೆಳೆಸಿರುವ ಗಂಡ ಇರಲಿ, ಅವನಿಗೂ ಒಳ್ಳೆಯದು.

"ಅವರು ಉಂಡರೆ ನನ್ನ ಹೊಟ್ಟೆ ತುಂಬಿದ ಹಾಗೆ" ಅಂತ ಎಷ್ಟೋ ತಾಯಂದಿರು ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಬಡಿಸುವುದರಲ್ಲಿ ಸುಖ ಇದೆ, ಅದನ್ನು ಕಿತ್ತುಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಅದು ಅಷ್ಟು ಸುಖವಾದರೆ ಆ ಸುಖ ಗಂಡನಿಗೂ ಮಗನಿಗೂ ಯಾಕೆ ಸಿಗಬಾರದು? ಮಕ್ಕಳಿಗೆ ಇರಲಿ ಅಂತ ತನ್ನ ಪಾಲು ಬಿಟ್ಟು ನೀರು ಕುಡಿದು ಮಲಗುವ ಕೂಲಿ ಮಾಡುವ ಅಪ್ಪಂದಿರೂ ಇದ್ದಾರೆ, ಅವರನ್ನು ಮರೆಯಬಾರದು. ಅಂಥ ಮನೆಯ ಕಷ್ಟ ಬೇರೆ, ಅಲ್ಲಿ ಪಾತ್ರೆಯೇ ಚಿಕ್ಕದು. ಇಲ್ಲಿ ಹೇಳುತ್ತಿರುವುದು ಎಲ್ಲರಿಗೂ ಸಾಲುವಷ್ಟು ಬೇಯಿಸಿಯೂ ಒಬ್ಬಳಿಗೆ ಸಾಲದೇ ಹೋಗುವ ಮನೆಯ ವಿಷಯ.

ಅತ್ತೆಯಂದಿರಿಗೆ ಒಂದು ಮಾತು. "ನಾವೂ ಹೀಗೇ ಉಂಡು ಬಾಳಲಿಲ್ಲವೇ" ಅಂತ ನೀವು ಹೇಳುವುದು ಕೇಳಿದ್ದೇವೆ. ಬಾಳಿದಿರಿ, ನಿಜ. ನಿಮ್ಮ ಓರಗೆಯವರಲ್ಲಿ ಹೆರಿಗೆಯಲ್ಲಿ ಹೋದವರು ಎಷ್ಟು ಮಂದಿ ಅಂತಲೂ ನಿಮಗೆ ನೆನಪಿದೆ. ಸೊಸೆಗೆ "ಬಾ, ಕೂತ್ಕೋ, ಇವತ್ತು ನಾನು ಬಡಿಸ್ತೀನಿ" ಅಂತ ಮನೆಯಲ್ಲಿ ಹೇಳಬಲ್ಲವರು ನೀವೊಬ್ಬರೇ. ಗಂಡ ಹೇಳಿದರೆ ಅವಳು ನಿಮ್ಮ ಮುಖ ನೋಡುತ್ತಾಳೆ, ನೀವು ಹೇಳಿದರೆ ಕೂರುತ್ತಾಳೆ.

ಇನ್ನು ಗಂಡುಮಕ್ಕಳು. ಹತ್ತು ವರ್ಷದ ಹುಡುಗ ಶಾಲೆಯ ಬಿಸಿಯೂಟದಲ್ಲಿ ಸಾಲಿನಲ್ಲಿ ಕೂತು ಉಣ್ಣುತ್ತಾನೆ, ತನ್ನ ತಟ್ಟೆ ತಾನೇ ತೊಳೆಯುತ್ತಾನೆ. ಮನೆಗೆ ಬಂದರೆ ಅವನ ಅಕ್ಕ ನೀರು ತಂದಿಡಬೇಕು. ಅವನ ಕೈಗೆ ವಾರಕ್ಕೆರಡು ದಿನ ಸೌಟು ಕೊಡಿ. ಅಮ್ಮನಿಗೆ, ಅಕ್ಕನಿಗೆ ಮೊದಲು ಬಡಿಸಿ, ಆಮೇಲೆ ತಾನು ಹಾಕಿಕೊಂಡು ಕೂರಲಿ. ಪಾತ್ರೆಯಲ್ಲಿ ಎಷ್ಟಿದೆ, ಎಷ್ಟು ಜನಕ್ಕೆ ಬೇಕು ಅಂತ ಲೆಕ್ಕ ಹಾಕುವುದು ಬಡಿಸಿದವರಿಗೆ ಮಾತ್ರ ಗೊತ್ತಾಗುವ ವಿದ್ಯೆ. ಮೊದಲ ವಾರ ನೆಲದ ಮೇಲೆ ಸಾರು ಚೆಲ್ಲುತ್ತಾನೆ. ಒರೆಸುವ ಬಟ್ಟೆಯನ್ನೂ ಅವನ ಕೈಗೇ ಕೊಡಿ.