ಕಲ್ಲು ಮಾತಾಡದು, ಹಿರಿಯರನ್ನು ಕೇಳಿರಿ

ಓದತಕ್ಕ ಭಾಗ: ಯೆಹೋಶುವ 4:1-9



ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದಾಗ, ಅದರ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಹೊತ್ತು ತರಬೇಕೆಂದು ದೇವರು ಯೆಹೋಶುವನಿಗೆ ಅಪ್ಪಣೆಕೊಟ್ಟನು. ಯಾತಕ್ಕೆ? ಮುಂದಿನ ಕಾಲದ ಮಕ್ಕಳು ಅವುಗಳನ್ನು ಕಂಡು ಕೇಳಬೇಕು, ತಂದೆಗಳು ಉತ್ತರ ಹೇಳಬೇಕು, ಇದಕ್ಕಾಗಿಯೇ. ನಾವು ಗಮನಿಸತಕ್ಕದ್ದೇನಂದರೆ, ಕಲ್ಲು ತಾನಾಗಿ ಮಾತಾಡುವದಿಲ್ಲ. ಕೇಳುವ ಮಗನೂ ಹೇಳುವ ತಂದೆಯೂ ಇಲ್ಲದಿದ್ದರೆ ಅದು ಬರೀ ಕಲ್ಲೇ.

ಸತ್ಯವೇದವನ್ನು ಓದುವ ನಮಗೆ ಕರ್ಮೆಲ್ ಬೆಟ್ಟವೂ ಕೀಷೋನ್ ಹಳ್ಳವೂ ಪರಿಚಿತವಾದ ಹೆಸರುಗಳು. ಎಲೀಯನು ಯಜ್ಞವೇದಿಯನ್ನು ಕಟ್ಟಿದ್ದು ಆ ಬೆಟ್ಟದಲ್ಲಿಯೇ. ಆದರೆ ನಮ್ಮ ಸೀಮೆಯವರೂ ಅಲ್ಲಿ ಯುದ್ಧಮಾಡಿದರೆಂಬದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1918ನೆಯ ಇಸವಿ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಸವಾರರು, ಬೆಟ್ಟದ ಬುಡದಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರ ಕೈಯಿಂದ ತೆಗೆದುಕೊಂಡರು. ಎದುರಿಗೆ ತೋಪುಗಳೂ ಮೆಷಿನ್ ಗನ್ನುಗಳೂ. ಇವರ ಕೈಯಲ್ಲಿ ಭರ್ಜಿಗಳು. ಒಂದು ಕಡೆ ಕೀಷೋನಿನ ದಡದ ಹುದುಲು ದಾರಿಯನ್ನು ತಡೆಯಿತು. ಮೈಸೂರಿನ ಒಂದು ತುಕಡಿಯು ಕರ್ಮೆಲಿನ ಇಕ್ಕಟ್ಟಾದ ದಾರಿಯನ್ನು ಹತ್ತಿ ಮೇಲಿನ ತೋಪುಗಳ ಮೇಲೆ ಬಿದ್ದಿತು. ಆ ದಿನ 1,300ಕ್ಕಿಂತ ಹೆಚ್ಚು ಮಂದಿ ಶತ್ರುಗಳು ಸೆರೆಯಾದರು.

ಇವರ ಜ್ಞಾಪಕಾರ್ಥವಾಗಿ ಬೆಂಗಳೂರಿನ ಜೆ.ಸಿ. ನಗರದಲ್ಲಿ ಒಂದು ಕಲ್ಲಿನ ಕಂಬವಿದೆ. ದಿಲ್ಲಿಯಲ್ಲಿ ಮೈಸೂರು, ಜೋಧಪುರ, ಹೈದರಾಬಾದು ಸಂಸ್ಥಾನಗಳ ಸವಾರರಿಗಾಗಿ 1922ರಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳಿವೆ. ಕಲ್ಲುಗಳು ನಿಂತಿವೆ, ಆ ಸವಾರರೋ ಒಬ್ಬರೂ ಉಳಿದಿಲ್ಲ. ಬೆಟ್ಟ ಹತ್ತುವಾಗ ಅವರ ಎದೆ ಹೇಗೆ ಬಡಿಯಿತು, ಯಾರನ್ನು ನೆನಸಿಕೊಂಡರು ಎಂದು ಇನ್ನು ಯಾರನ್ನು ಕೇಳೋಣ?

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ನಾವು ಹುಡುಗರಾಗಿದ್ದಾಗ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ದೇಶಕ್ಕೆ ಹೋಗಿಬಂದ ವೃದ್ಧರೊಬ್ಬರು ನಮ್ಮ ಸಭೆಯಲ್ಲಿದ್ದರು. ಆರಾಧನೆ ಮುಗಿದ ಮೇಲೆ ಜಗಲಿಯಲ್ಲಿ ಕೂತು, “ಆ ಹೊಳೆ ದಾಟುವಾಗ ಏನಾಯಿತು ಗೊತ್ತೋ, ಮಕ್ಕಳೇ?” ಎಂದು ಆರಂಭಿಸುವರು. ನಾವು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕು ಮೆಲ್ಲಗೆ ಎದ್ದುಹೋಗುತ್ತಿದ್ದೆವು. ಅವರನ್ನು ಹೂಣಿಟ್ಟ ದಿನ ಅವರ ಮಗಳು ನಮ್ಮ ಬಳಿಗೆ ಬಂದು, “ಅಪ್ಪ ಮನೆಯಲ್ಲಿ ಯುದ್ಧದ ಮಾತೆತ್ತಲಿಲ್ಲ. ಅವರು ದಾಟಿದ್ದು ಯಾವ ಹೊಳೆ? ನಿಮಗೆ ಹೇಳಿದ್ದರೋ?” ಎಂದು ಕೇಳಿದರು. ನಮಗೆ ಬಾಯಿ ಬರಲಿಲ್ಲ. ಅವರು ಹೇಳಲಿಕ್ಕೆ ಸಿದ್ಧರಿದ್ದರು. ನಾವು ಕೇಳಲಿಕ್ಕೆ ಸಿದ್ಧರಿರಲಿಲ್ಲ.

ಪ್ರಿಯ ಯೌವನಸ್ಥರೇ, ನಿಮಗೆ ಇನ್ನೂ ಸಮಯವಿದೆ. 1971ರ ಯುದ್ಧದಲ್ಲಿ ಇಪ್ಪತ್ತು ವರುಷದವರಾಗಿದ್ದವರು ಈಗ ಎಪ್ಪತ್ತನ್ನು ದಾಟಿದ್ದಾರೆ. ನಿಮ್ಮ ಊರಿನಲ್ಲಿ ಅಂಥವರಿದ್ದರೆ, ಯಾವ ಜಾತಿ ಯಾವ ಮತದವರಾದರೂ ಸರಿಯೇ, ಅವರ ಬಳಿಗೆ ಹೋಗಿರಿ. ನರೆತ ತಲೆಯವರ ಮುಂದೆ ಎದ್ದು ನಿಲ್ಲಬೇಕೆಂದು ಯಾಜಕಕಾಂಡ 19:32 ಕಲಿಸುತ್ತದೆ; ಎದ್ದು ನಿಂತ ಮೇಲೆ ಕೂತು ಕೇಳುವದೂ ಮರ್ಯಾದೆಯೇ. ಎಷ್ಟು ಮಂದಿಯನ್ನು ಕೊಂದಿರಿ ಎಂದು ಕೇಳಬೇಡಿರಿ. ಮನೆ ಬಿಟ್ಟು ಹೊರಟಾಗ ತಾಯಿ ಏನು ಹೇಳಿದರು, ಚಳಿಯಲ್ಲಿ ಏನು ತಿಂದಿರಿ, ಜೊತೆಗಾರರಲ್ಲಿ ಯಾರು ತಿರುಗಿ ಬರಲಿಲ್ಲ ಎಂದು ಕೇಳಿರಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಅತ್ತರೆ, ರೋಮಾಪುರದವರಿಗೆ 12:15ರಲ್ಲಿರುವ ಬೋಧನೆಯನ್ನು ನೆನಸಿರಿ. ಅಪ್ಪಣೆ ಪಡೆದು ಊರು, ತಾರೀಖು, ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ಅವರಿಗೇ ಓದಿ ಹೇಳಿರಿ.

ಇದು ಯುದ್ಧವನ್ನು ಹೊಗಳುವದಲ್ಲವೋ ಎಂದು ಕೆಲವರು ಕೇಳಾರು. ಅಲ್ಲ. ಸಮಾಧಾನಪಡಿಸುವವರನ್ನು ನಮ್ಮ ಕರ್ತನು ಧನ್ಯರೆಂದು ಕರೆದನು. ಯುದ್ಧವನ್ನು ಕಣ್ಣಾರೆ ಕಂಡವರ ಬಳಿಯಲ್ಲಿ ಕೂತವನಿಗೆ ಸಮಾಧಾನದ ಬೆಲೆ ತಿಳಿಯುವದು.

ಈ ಭಾನುವಾರ ಆರಾಧನೆಯಾದ ಮೇಲೆ ಜಗಲಿಯಲ್ಲಿ ಒಬ್ಬ ಹಿರಿಯರು ಮಾತು ಆರಂಭಿಸಿದರೆ, ಏಳಬೇಡಿರಿ. ಕೇಳುವ ಕಿವಿಯನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.