ಇಂದಿನ ಚಿಂತನೆ: ತಡವಾಗಿ ಬಂದ ಮಣಿಮೇಖಲಾ



ಮಕ್ಕಳಿಗೆ ಮಹಾಜನಕ ಜಾತಕ ಹೇಳುವಾಗ ನಾನು ಮಣಿಮೇಖಲಾಳ ಮಾತು ಬಿಡುವುದಿಲ್ಲ. ಹಡಗು ಒಡೆದಾಗ ಉಳಿದವರು ಅತ್ತು ದೇವರಿಗೆ ಮೊರೆಯಿಟ್ಟರು. ಮಹಾಜನಕ ಸಕ್ಕರೆ-ತುಪ್ಪ ತಿಂದು, ಬಟ್ಟೆಗೆ ಎಣ್ಣೆ ಸವರಿಕೊಂಡು ನೀರಿಗಿಳಿದ. ಕಡಲು ಕಾಯಬೇಕಾದ ದೇವತೆ ಮಣಿಮೇಖಲಾ ಏಳು ದಿನ ಅತ್ತ ನೋಡಲೇ ಇಲ್ಲ. ಕೊನೆಗೆ ಬಂದು, ದಡವೇ ಕಾಣದಿರುವಾಗ ಈಜುವುದೇಕೆ ಎಂದಳು. ಪ್ರಯತ್ನ ಬಿಡದವನು ಯಾರಿಗೂ ಸಾಲಗಾರನಲ್ಲ ಎಂದ. ಆಮೇಲೆ ಎತ್ತಿಕೊಂಡಳು.

ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆ ಸ್ವೀಕರಿಸಿದ ನಾವು ಆಕೆಯನ್ನು ಪೂಜಿಸುವುದಿಲ್ಲ. ಆದರೆ ನೌಕರಿ ಹಿಡಿದು ದಡ ಸೇರಿದವರಿಗೆ ಆಕೆ ಕನ್ನಡಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಹಾಸ್ಟೆಲ್‌ಗಳಲ್ಲಿ ನಮ್ಮ ಮಕ್ಕಳು ಇನ್ನೂ ಈಜುತ್ತಿದ್ದಾರೆ. ದಶ ಪಾರಮಿತೆಗಳನ್ನು ಪಾಲಿಸುವುದೂ ನಮ್ಮ ಪ್ರತಿಜ್ಞೆಯೇ. ಅವರ ಪ್ರಯತ್ನ ಒಂದು ಪಾರಮಿತೆ, ನಮ್ಮ ದಾನ ಇನ್ನೊಂದು. ಏಳನೇ ದಿನದವರೆಗೆ ಕಾಯಿಸುವುದು ಬೇಡ.

ಭವತು ಸಬ್ಬ ಮಂಗಲಂ.